1582ರ ಅಕ್ಟೋಬರ್ 15 ನಮ್ಮ ಸರ್ವರ್‌ನಲ್ಲಿ ಏನು ಮಾಡ್ತಿದೆ?

ಕಂಪ್ಯೂಟರಿನ ಇತಿಹಾಸ ಶುರುವಾಗುವುದೇ 1970ರ ಜನವರಿ 1ರಂದು ಅಂತ ನಮ್ಮ ಕಸುಬಿನವರು ತಮಾಷೆ ಮಾಡ್ತಿರ್ತೀವಿ. ಯೂನಿಕ್ಸ್ ತನ್ನ ಸೆಕೆಂಡುಗಳನ್ನು ಎಣಿಸಲು ಶುರು ಮಾಡುವುದು ಆ ದಿನದಿಂದ. ಆದರೆ ನಾವು ದಿನಾ ಬಳಸುವ ಒಂದು ಸಂಖ್ಯೆಯ ಎಣಿಕೆ ಅದಕ್ಕಿಂತ ಸುಮಾರು ನಾನೂರು ವರ್ಷ ಹಿಂದಿನಿಂದ, 1582ರ ಅಕ್ಟೋಬರ್ 15ರಿಂದ ಶುರುವಾಗುತ್ತದೆ. ಅದು ಯುಯುಐಡಿಯ ಮೊದಲನೇ ಆವೃತ್ತಿ. ಆರ್ಡರ್ ಐಡಿ, ಪೇಮೆಂಟ್ ಐಡಿ, ಲಾಗ್‌ನಲ್ಲಿ ಕಾಣುವ ರಿಕ್ವೆಸ್ಟ್ ಐಡಿ, ಹೀಗೆ ನಾಲ್ಕು ಅಡ್ಡಗೆರೆ ಹಾಕಿ ಐದು ತುಂಡಾಗಿ ಬರೆದ 32 ಅಕ್ಷರದ ಉದ್ದನೆಯ ಗುರುತುಗಳನ್ನು ನೀವೂ ನೋಡಿರುತ್ತೀರಿ.

ಆ ದಿನಾಂಕದ ಕತೆ ಇಷ್ಟೇ. ಪೋಪ್ 13ನೇ ಗ್ರೆಗರಿ ಪಂಚಾಂಗ ಸರಿಪಡಿಸಿದಾಗ 1582ರ ಅಕ್ಟೋಬರ್ 4ರ ಗುರುವಾರ ರಾತ್ರಿ ಮಲಗಿದ ರೋಮ್‌ನವರು ಎದ್ದಿದ್ದು ಅಕ್ಟೋಬರ್ 15ರ ಶುಕ್ರವಾರ. ನಡುವಿನ ಹತ್ತು ದಿನ ಇಲ್ಲವೇ ಇಲ್ಲ. ನಾವಿವತ್ತು ಗೋಡೆಗೆ ನೇತುಹಾಕುವ ಕ್ಯಾಲೆಂಡರ್ ಶುರುವಾದದ್ದು ಆ ಬೆಳಿಗ್ಗೆ. ಯುಯುಐಡಿ ರೂಪಿಸಿದವರು ಅಲ್ಲಿಂದ ಇಲ್ಲಿಯವರೆಗೆ ಸೆಕೆಂಡಿನ ಕೋಟಿಯ ಒಂದು ಭಾಗದ ಲೆಕ್ಕದಲ್ಲಿ, ಅಂದರೆ 100 ನ್ಯಾನೊಸೆಕೆಂಡಿಗೊಂದರಂತೆ, ಎಣಿಸಿಕೊಂಡು ಬನ್ನಿ ಅಂದರು. ಅದಕ್ಕಾಗಿ 60 ಬಿಟ್ ಎತ್ತಿಟ್ಟರು. ಅಷ್ಟು ಜಾಗ ಸುಮಾರು 3,650 ವರ್ಷಕ್ಕೆ ಸಾಕು.

ಇದನ್ನು ಮೊದಲ ಸಲ ಓದಿದಾಗ ನನಗೆ ಹುಟ್ಟಿದ ಪ್ರಶ್ನೆ ಪಂಚಾಂಗದ್ದಲ್ಲ. ಒಂದು ಸಂಖ್ಯೆ ಕೊಡಲಿಕ್ಕೆ ಇಷ್ಟೆಲ್ಲ ಸಾಹಸ ಯಾಕೆ ಬೇಕಾಯಿತು? ಒಂದು, ಎರಡು, ಮೂರು ಅಂತ ಕೊಡುತ್ತಾ ಹೋದರೆ ಏನಾಗುತ್ತಿತ್ತು?

ಒಂದೇ ಕಿಟಕಿ ಇದ್ದ ಕಾಲ

ಒಂದು, ಎರಡು, ಮೂರು ಅನ್ನುವುದು ಕೆಟ್ಟ ಪದ್ಧತಿ ಏನಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಯ ಪುಸ್ತಕ, ಆಸ್ಪತ್ರೆಯ ಟೋಕನ್, ಹೋಟೆಲಿನ ಬಿಲ್ಲು, ಎಲ್ಲಾ ಕಡೆ ನಡೆಯುವುದು ಅದೇ. ಡೇಟಾಬೇಸ್‌ನಲ್ಲಿ ಅದಕ್ಕೆ ಆಟೊ ಇನ್‌ಕ್ರಿಮೆಂಟ್ ಅಂತೀವಿ. ಹಿಂದಿನ ಸಾಲಿನ ಸಂಖ್ಯೆಗೆ ಒಂದು ಕೂಡಿಸಿ ಹೊಸ ಸಾಲಿಗೆ ಅಂಟಿಸುತ್ತದೆ. ಚಿಕ್ಕದು, ಚೊಕ್ಕದು, ಫೋನಿನಲ್ಲಿ ಓದಿ ಹೇಳಬಹುದು.

ಅದರ ಷರತ್ತು ಒಂದೇ: ಪುಸ್ತಕ ಒಂದಿರಬೇಕು, ಬರೆಯುವ ಗುಮಾಸ್ತರೂ ಒಬ್ಬರೇ ಇರಬೇಕು. ಎರಡನೇ ಕಿಟಕಿ ತೆರೆದ ಕೂಡಲೇ ಕಷ್ಟ ಶುರು. ಇಬ್ಬರೂ ಒಂದೇ ಕ್ಷಣದಲ್ಲಿ 501 ಕೊಟ್ಟರೆ? ಪ್ರತಿ ಸಲವೂ ಒಬ್ಬರನ್ನೊಬ್ಬರು ಕೇಳಿ ಕೊಟ್ಟರೆ ಎರಡು ಕಿಟಕಿ ಇಟ್ಟು ಏನು ಬಂತು?

ಫೋಟೊ ಹಂಚುವ ಫ್ಲಿಕರ್ ತಾಣದ ಎಂಜಿನಿಯರುಗಳು 2010ರಲ್ಲಿ ಬರೆದುಕೊಂಡ ಉಪಾಯ ನನಗೆ ತುಂಬಾ ಇಷ್ಟ. ಅವರ ಡೇಟಾ ಹಲವು ಮೈಎಸ್‌ಕ್ಯುಎಲ್ ಯಂತ್ರಗಳಲ್ಲಿ ಹಂಚಿಹೋಗಿತ್ತು. ಸಂಖ್ಯೆ ಕೊಡಲೆಂದೇ ಎರಡು ಸರ್ವರ್ ಇಟ್ಟರು. ಒಂದು ಬೆಸ ಸಂಖ್ಯೆಗಳನ್ನು ಮಾತ್ರ ಕೊಡುತ್ತದೆ, ಇನ್ನೊಂದು ಸಮ ಸಂಖ್ಯೆಗಳನ್ನು. ಇಬ್ಬರೂ ಮಾತಾಡಬೇಕಿಲ್ಲ, ಡಿಕ್ಕಿ ಹೊಡೆಯುವಂತೆಯೂ ಇಲ್ಲ. ಒಂದು ಕೆಟ್ಟು ಕೂತರೆ ಇನ್ನೊಂದು ಅಂಗಡಿ ನಡೆಸುತ್ತದೆ. ಅದಕ್ಕೆ ಅವರಿಟ್ಟ ಹೆಸರು ಟಿಕೆಟ್ ಸರ್ವರ್.

ಆದರೆ ಎರಡು ಯಂತ್ರ ಅಲ್ಲ, ಎರಡು ಸಾವಿರ ಯಂತ್ರಗಳಿದ್ದರೆ? ಅವು ಬೇರೆ ಬೇರೆ ಕಂಪನಿಗಳವಾಗಿದ್ದು, ಒಂದರ ಮುಖ ಇನ್ನೊಂದು ನೋಡೇ ಇಲ್ಲದಿದ್ದರೆ? ಯಾರನ್ನೂ ಕೇಳದೆ, ಯಾರ ಜೊತೆಗೂ ಜಗಳ ಬಾರದಂತೆ ತನ್ನಷ್ಟಕ್ಕೆ ತಾನು ಹೆಸರಿಟ್ಟುಕೊಳ್ಳುವುದು ಹೇಗೆ? ಈ ಪ್ರಶ್ನೆ ವೆಬ್‌ಗಿಂತ ಹಳೆಯದು.

ಎಲ್ಲಿ, ಯಾವಾಗ

ಮೊದಲ ಉತ್ತರದ ಬೀಜ ನೆಟ್‌ವರ್ಕ್ ಕಾರ್ಡಿನಲ್ಲಿದೆ. ಈಥರ್‌ನೆಟ್ ರೂಪಿಸುತ್ತಿದ್ದ ಜೆರಾಕ್ಸ್‌ನಲ್ಲಿ ಪ್ರತಿ ಯಂತ್ರಕ್ಕೂ ಜಗತ್ತಿನಲ್ಲೇ ಒಂದೇ ಆದ 48 ಬಿಟ್ ಸಂಖ್ಯೆ ಕೊಡುವ ವಿಚಾರವನ್ನು 1981ರಲ್ಲಿ ಇಬ್ಬರು ಪ್ರಬಂಧವಾಗಿ ಮಂಡಿಸಿದರು. ಅವರಲ್ಲೊಬ್ಬರು ಐಐಟಿ ಬಾಂಬೆಯಲ್ಲಿ ಓದಿದ ಯೋಗೇನ್ ದಲಾಲ್, ಇನ್ನೊಬ್ಬರು ರಾಬರ್ಟ್ ಪ್ರಿಂಟಿಸ್. ನಾವಿವತ್ತು ಮ್ಯಾಕ್ ವಿಳಾಸ ಅನ್ನುವುದು ಅದನ್ನೇ. ತಯಾರಕರಿಗೆಲ್ಲ ಒಂದೊಂದು ಗುಂಪು ಸಂಖ್ಯೆ ಹಂಚಿಬಿಟ್ಟರೆ, ಆಮೇಲೆ ಒಬ್ಬೊಬ್ಬರೂ ತಮ್ಮ ಗುಂಪಿನೊಳಗೆ ಒಂದು, ಎರಡು, ಮೂರು ಅಂತ ಮುಂದುವರಿಯಬಹುದು. ಮನೆತನದ ಹೆಸರು ಮುಂದೆ, ಸ್ವಂತ ಹೆಸರು ಹಿಂದೆ ಇದ್ದ ಹಾಗೆ.

ಅದೇ ಹೊತ್ತಿಗೆ, 1980ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಅಪೊಲೊ ಕಂಪ್ಯೂಟರ್ ಅನ್ನುವ ಕಂಪನಿ ಹುಟ್ಟಿತು. ಎಂಜಿನಿಯರುಗಳ ಮೇಜಿನ ಮೇಲಿಡುವ ವರ್ಕ್‌ಸ್ಟೇಷನ್ ಮಾಡುತ್ತಿದ್ದವರು. ನೆಟ್‌ವರ್ಕ್‌ನಲ್ಲಿರುವ ಎಲ್ಲಾ ಯಂತ್ರಗಳ ಫೈಲುಗಳೂ ಒಂದೇ ಮನೆಯ ವಸ್ತುಗಳಂತೆ ಕಾಣಬೇಕು ಅನ್ನುವುದು ಅವರ ಹಂಬಲ. ಅದಕ್ಕೆ ಯಾವ ಯಂತ್ರದಲ್ಲಿ ಹುಟ್ಟಿದ ಫೈಲಾದರೂ ಅದರ ಗುರುತು ಬೇರೆಲ್ಲೂ ಇರಬಾರದು. ಅವರು ಮಾಡಿದ್ದು ಸರಳ. ಯಾವ ಯಂತ್ರ ಅನ್ನುವುದಕ್ಕೆ ಒಂದು ಭಾಗ, ಯಾವ ಕ್ಷಣ ಅನ್ನುವುದಕ್ಕೆ ಇನ್ನೊಂದು ಭಾಗ, ಎರಡನ್ನೂ ಸೇರಿಸಿ 64 ಬಿಟ್. ಒಂದೇ ಜಾಗದಲ್ಲಿ ಒಂದೇ ಕ್ಷಣದಲ್ಲಿ ಎರಡು ಫೈಲು ಹುಟ್ಟದಿದ್ದರೆ ಸಾಕು, ಗುರುತು ಬೇರೆಯಾಗೇ ಇರುತ್ತದೆ.

ನಮ್ಮ ಅಜ್ಜಿಯಂದಿರು ಜಾತಕ ಬರೆಸುತ್ತಿದ್ದದ್ದೂ ಹೀಗೇ ಅಲ್ಲವೇ? ಹುಟ್ಟಿದ ಸ್ಥಳ, ಹುಟ್ಟಿದ ಗಳಿಗೆ. ಅವಳಿ ಮಕ್ಕಳಾದರೆ ಏನು ಮಾಡುವುದು ಅನ್ನುವ ತೊಡಕೂ ಎರಡಕ್ಕೂ ಒಂದೇ.

ಅಪೊಲೊ ಮುಂದೆ ಇದನ್ನೇ 128 ಬಿಟ್‌ಗೆ ಹಿಗ್ಗಿಸಿತು. 1989ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಆ ಕಂಪನಿಯನ್ನು ಕೊಂಡುಕೊಂಡಿತು. ಹಲವು ಕಂಪನಿಗಳು ಸೇರಿ ಕಟ್ಟಿದ ಓಪನ್ ಸಾಫ್ಟ್‌ವೇರ್ ಫೌಂಡೇಷನ್ ಆ ವಿಚಾರವನ್ನು ತನ್ನ ಮಾನದಂಡದೊಳಗೆ ತಂದಿತು. ಅಪೊಲೊದಲ್ಲಿದ್ದ ಪಾಲ್ ಲೀಚ್ ಮುಂದೆ ಮೈಕ್ರೋಸಾಫ್ಟ್ ಸೇರಿದರು. ಅಲ್ಲಿ ಅದೇ ಗುರುತು ಜಿಯುಐಡಿ ಅನ್ನುವ ಹೆಸರಿನಲ್ಲಿ ವಿಂಡೋಸ್‌ನ ಮೂಲೆಮೂಲೆಗೂ ಹರಡಿತು. ಕಂಪನಿ ಮುಳುಗಿದರೂ ಅದರ ಸಂಖ್ಯೆ ಉಳಿಯಿತು ನೋಡಿ.

ಒಟ್ಟು 128 ಬಿಟ್‌ಗಳ ಲೆಕ್ಕ ಹೀಗಿದೆ. ಕಾಲಕ್ಕೆ 60, ಯಂತ್ರಕ್ಕೆ 48. ಯಾರಾದರೂ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದರೆ ಹಳೆಯ ಕ್ಷಣ ಮತ್ತೆ ಬಂದೀತು ಅನ್ನುವ ಭಯಕ್ಕೆ ಇನ್ನೊಂದು 14. ಇದು ಯಾವ ಬಗೆಯ ಗುರುತು ಅಂತ ಹೇಳಲು ಮಿಕ್ಕ 6.

ಸಂಖ್ಯೆ ಚಾಡಿ ಹೇಳಿತು

ಇಲ್ಲಿಯವರೆಗೆ ಇದು ಎಂಜಿನಿಯರುಗಳ ಮನೆಯೊಳಗಿನ ಮಾತು. 1999ರ ಮಾರ್ಚ್‌ನಲ್ಲಿ ಅದು ಬೀದಿಗೆ ಬಂತು.

ರಿಚರ್ಡ್ ಸ್ಮಿತ್ ಅನ್ನುವ ಅಮೆರಿಕದ ಪ್ರೋಗ್ರಾಮರ್, ಮೈಕ್ರೋಸಾಫ್ಟ್ ಆಫೀಸ್ 97ರಲ್ಲಿ ಬರೆದ ಕಡತಗಳೊಳಗೆ ಒಂದು ಗುರುತು ಕಣ್ಣಿಗೆ ಕಾಣದಂತೆ ಕೂತಿರುವುದನ್ನು ತೋರಿಸಿಕೊಟ್ಟರು. ಆ ಗುರುತು ಜಿಯುಐಡಿ. ಅದರ ಕೊನೆಯ 48 ಬಿಟ್ ಬರೆದವರ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿನ ಸಂಖ್ಯೆ. ಅಂದರೆ ನೀವು ಹೆಸರು ಹಾಕದೆ ಒಂದು ಪತ್ರ ಟೈಪ್ ಮಾಡಿ ಎಲ್ಲಿಗಾದರೂ ಕಳಿಸಿದರೆ, ಯಾವ ಯಂತ್ರದಲ್ಲಿ ಬರೆದದ್ದು ಅಂತ ಆ ಪತ್ರವೇ ಪಿಸುಗುಟ್ಟುತ್ತದೆ. ಮೈಕ್ರೋಸಾಫ್ಟ್ ಅದನ್ನು ತೆಗೆಯುವ ತಂತ್ರಾಂಶ ಕೊಡಬೇಕಾಯಿತು.

ಅದೇ ತಿಂಗಳ 26ರಂದು ಮೆಲಿಸ್ಸಾ ಅನ್ನುವ ವೈರಸ್ ಬಂತು. ವರ್ಡ್ ಕಡತದ ರೂಪದಲ್ಲಿ ಬಂದು, ತೆರೆದವರ ಔಟ್‌ಲುಕ್ ವಿಳಾಸಪಟ್ಟಿಯ ಮೊದಲ 50 ಜನಕ್ಕೆ ತಾನೇ ಅಂಚೆಯಾಗುತ್ತಿತ್ತು. ಅದನ್ನು ಬರೆದದ್ದು ಯಾರು ಅಂತ ಹುಡುಕುವವರ ಕೈಗೆ ಸಿಕ್ಕ ಸುಳಿವುಗಳಲ್ಲಿ ಕಡತದೊಳಗಿನ ಈ ಗುರುತೂ ಒಂದು. ಅಮೆರಿಕ ಆನ್‌ಲೈನ್ ಕಂಪನಿಯ ದಾಖಲೆಗಳೂ ಸೇರಿ ಒಂದು ವಾರದೊಳಗೆ ನ್ಯೂಜೆರ್ಸಿಯಲ್ಲಿ ಒಬ್ಬನ ಬಂಧನವಾಯಿತು.

ಕಳ್ಳ ಸಿಕ್ಕಿದ್ದು ಒಳ್ಳೆಯದೇ ಆಯಿತಲ್ಲ ಅನ್ನಿಸಬಹುದು. ಆದರೆ ಅದೇ ಸಂಖ್ಯೆ, ತನ್ನ ಕಚೇರಿಯ ಲಂಚದ ಬಗ್ಗೆ ಹೆಸರಿಲ್ಲದ ದೂರು ಬರೆದ ಗುಮಾಸ್ತನನ್ನೂ ಹಿಡಿದುಕೊಡುತ್ತಿತ್ತು. ಸಂಖ್ಯೆಗೆ ಕಳ್ಳ, ಸಾಚಾ ಅಂತ ಭೇದವಿಲ್ಲ. ಅಪೊಲೊದವರಿಗೆ ಬೇಕಿದ್ದದ್ದು ಎರಡು ಫೈಲುಗಳ ಗುರುತು ಒಂದಾಗಬಾರದು ಅನ್ನುವುದು ಮಾತ್ರ. ಅದಕ್ಕೆ ಸ್ಥಳ ಮತ್ತು ಕಾಲವನ್ನು ಬಳಸಿದರು. ಯಾರ ಮೇಲೂ ಕಣ್ಣಿಡುವ ಉದ್ದೇಶ ಇರಲಿಲ್ಲ. ಆದರೆ ಸ್ಥಳವನ್ನೂ ಕಾಲವನ್ನೂ ಬರೆದಿಟ್ಟ ಮೇಲೆ ಅದು ಸಾಕ್ಷಿಯಾಗದೆ ಇರುತ್ತದೆಯೇ?

ನಾಣ್ಯ ಚಿಮ್ಮುವುದು

ಪರಿಹಾರ ಮಾನದಂಡದೊಳಗೇ ಇತ್ತು. 2005ರ ಜುಲೈನಲ್ಲಿ ಲೀಚ್ ಮತ್ತು ಇನ್ನಿಬ್ಬರು ಸೇರಿ ಬರೆದ ಆರ್‌ಎಫ್‌ಸಿ 4122 ಐದು ಬಗೆಯ ಯುಯುಐಡಿಗಳನ್ನು ವಿವರಿಸುತ್ತದೆ. ಅದರಲ್ಲಿ ನಾಲ್ಕನೆಯದು ಸ್ಥಳವನ್ನೂ ಕಾಲವನ್ನೂ ಕೈಬಿಟ್ಟುಬಿಡುತ್ತದೆ. 122 ಸಲ ನಾಣ್ಯ ಚಿಮ್ಮಿ, ಬಂದದ್ದನ್ನು ಬರೆದುಕೋ ಅನ್ನುತ್ತದೆ. ಅಷ್ಟೇ.

ಕೇಳಿದರೆ ಎದೆ ಝಲ್ಲೆನ್ನುತ್ತದೆ. ಯಾರನ್ನೂ ಕೇಳದೆ, ಏನನ್ನೂ ನೋಡದೆ, ಅದೃಷ್ಟದ ಮೇಲೆ ಭಾರ ಹಾಕಿದರೆ ಎರಡು ಒಂದೇ ಆಗುವುದಿಲ್ಲವೇ? ಹುಟ್ಟುಹಬ್ಬದ ಒಗಟು ಕೇಳಿರುತ್ತೀರಿ: ಕೋಣೆಯಲ್ಲಿ ಬರೀ 23 ಜನರಿದ್ದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಇರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ವರ್ಷಕ್ಕೆ 365 ದಿನ ಇದ್ದರೂ ಹೀಗೆ. ಆದರೆ ಇಲ್ಲಿ ದಿನಗಳು 365 ಅಲ್ಲ, 5ರ ಮುಂದೆ 36 ಸೊನ್ನೆ ಹಾಕಿದಷ್ಟು. ಸೆಕೆಂಡಿಗೆ ನೂರು ಕೋಟಿಯಂತೆ ಗುರುತು ಹುಟ್ಟಿಸುತ್ತಾ ಕೂತರೂ ಒಂದೇ ಒಂದು ಡಿಕ್ಕಿಯ ಸಾಧ್ಯತೆ ಅರ್ಧಕ್ಕೆ ಬರಲು ಸುಮಾರು 86 ವರ್ಷ ಬೇಕು. ಅಷ್ಟರಲ್ಲಿ ಸರ್ವರ್ ಅಲ್ಲ, ಅದನ್ನು ಕೊಂಡ ಕಂಪನಿಯೂ ಇರುವುದು ಅನುಮಾನ.

ಇದೆಲ್ಲ ನಾಣ್ಯ ಪ್ರಾಮಾಣಿಕವಾಗಿದ್ದರೆ ಮಾತ್ರ. ಕಂಪ್ಯೂಟರಿನ ಹತ್ತಿರ ನಾಣ್ಯ ಎಲ್ಲಿಂದ ಬರಬೇಕು? ಅದು ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಯಂತ್ರ. ಒಂದು ಆರಂಭದ ಬೀಜ ಕೊಟ್ಟರೆ ಅದರಿಂದ ರ‍್ಯಾಂಡಮ್‌ನಂತೆ ಕಾಣುವ ಸಂಖ್ಯೆಗಳನ್ನು ಬೆಳೆಯುತ್ತಾ ಹೋಗುತ್ತದೆ. ಬೀಜ ಗೊತ್ತಾದರೆ ಬೆಳೆಯೂ ಗೊತ್ತಾದಂತೆ.

1995ರಲ್ಲಿ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು, ಇಯಾನ್ ಗೋಲ್ಡ್‌ಬರ್ಗ್ ಮತ್ತು ಡೇವಿಡ್ ವ್ಯಾಗ್ನರ್, ನೆಟ್‌ಸ್ಕೇಪ್ ಬ್ರೌಸರ್ ತನ್ನ ಗುಪ್ತ ಕೀಲಿಗೆ ಬೀಜವಾಗಿ ಬಳಸುತ್ತಿದ್ದದ್ದು ಆ ಹೊತ್ತಿನ ಸಮಯ ಮತ್ತು ಎರಡು ಪ್ರೋಸೆಸ್ ಸಂಖ್ಯೆಗಳನ್ನು ಅಂತ ಕಂಡುಹಿಡಿದರು. ಊಹಿಸಬಹುದಾದ ಮೂರು ಸಂಗತಿ! ಇಂಟರ್ನೆಟ್‌ನಲ್ಲಿ ದುಡ್ಡು ಕಳಿಸಲು ಜನ ಆಗಷ್ಟೇ ಧೈರ್ಯ ಮಾಡುತ್ತಿದ್ದ ಕಾಲ ಅದು. ಡೆಬಿಯನ್ ಲಿನಕ್ಸ್‌ನಲ್ಲಿ 2006ರಲ್ಲಿ ಓಪನ್‌ಎಸ್‌ಎಸ್‌ಎಲ್‌ನಿಂದ ಯಾವುದೋ ಎಚ್ಚರಿಕೆಯ ಸಂದೇಶ ಬರುತ್ತಿದೆ ಅಂತ ಒಂದೆರಡು ಸಾಲು ತೆಗೆದರು. ಆ ಸಾಲುಗಳೇ ಬೀಜ ಬೆರೆಸುತ್ತಿದ್ದವು. 2008ರ ಮೇ ತಿಂಗಳಲ್ಲಿ ಅದು ಬಯಲಾಗುವವರೆಗೆ, ಅಲ್ಲಿ ಹುಟ್ಟಿದ ಒಂದೊಂದು ಬಗೆಯ ಕೀಲಿಗೂ ಸಾಧ್ಯವಿದ್ದದ್ದು ಕೇವಲ 32 ಸಾವಿರ ಚಿಲ್ಲರೆ ರೂಪಗಳು. ಕುಳಿತು ಎಲ್ಲವನ್ನೂ ಪಟ್ಟಿ ಮಾಡಬಹುದು.

ಹೀಗಾಗಿ ಈಗಿನ ಅಭ್ಯಾಸ ಅಂದರೆ ಬೀಜದ ಕೆಲಸವನ್ನು ಆಪರೇಟಿಂಗ್ ಸಿಸ್ಟಮ್‌ಗೆ ಬಿಡುವುದು. ಅದು ಯಂತ್ರದೊಳಗಿನ ನಾನಾ ಏರುಪೇರುಗಳನ್ನು ಕೂಡಿಹಾಕಿ ಕಾಪಾಡುತ್ತದೆ. ಜಾವಾದಲ್ಲಿ ಯುಯುಐಡಿ ಕೇಳಿದರೆ ಒಳಗೆ ನಡೆಯುವುದು ಅದೇ. ಪೋಸ್ಟ್‌ಗ್ರೆಸ್ ಈಗ ತನ್ನೊಳಗೇ ಮಾಡಿಕೊಡುತ್ತದೆ. ಆದರೆ ಪಿಎಚ್‌ಪಿಯಲ್ಲಿ ಯುನಿಕ್‌ಐಡಿ ಅನ್ನುವ ಹೆಸರಿನ ಫಂಕ್ಷನ್ ಒಂದಿದೆ. ಅದು ಕೊಡುವುದು ಗಡಿಯಾರದ ಮೈಕ್ರೊಸೆಕೆಂಡನ್ನು ಹದಿಮೂರು ಅಕ್ಷರಕ್ಕೆ ತಿರುಗಿಸಿ. ಇದನ್ನು ಗುಟ್ಟಿಗೆ ಬಳಸಬೇಡಿ ಅಂತ ಅದರ ಕೈಪಿಡಿಯೇ ಹೇಳುತ್ತದೆ. ಹೆಸರು ಕ್ಷೀರಸಾಗರ, ಮನೇಲಿ ಮಜ್ಜಿಗೆಗೂ ಗತಿಯಿಲ್ಲ.

ಅತ್ತೆಯ ಶುಗರ್ ರಿಪೋರ್ಟು

ಒಂದೇ ಥರ ಇರಬಾರದು ಅನ್ನುವುದು ಬೇರೆ, ಊಹಿಸಲು ಬರಬಾರದು ಅನ್ನುವುದು ಬೇರೆ. ಇದನ್ನು ನನ್ನ ಸೋದರತ್ತೆಗೆ ವಿವರಿಸುವ ಸಂದರ್ಭ ಬಂದಿತ್ತು. ಅತ್ತೆ, ಮಾವ ಇಬ್ಬರೂ ಒಂದೇ ಬೆಳಿಗ್ಗೆ ಒಂದು ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬಂದಿದ್ದರು. ಸಂಜೆ ಇಬ್ಬರ ಫೋನಿಗೂ ರಿಪೋರ್ಟಿನ ಲಿಂಕ್ ಬಂತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಎಲ್ಲಾ ಒಂದೇ, ಕೊನೆಯ ಅಂಕಿ ಮಾತ್ರ ಬೇರೆ. ಅತ್ತೆಯದು ಏಳು, ಮಾವನದು ಎಂಟು. ಲಾಗಿನ್ ಇಲ್ಲ, ಪಾಸ್‌ವರ್ಡ್ ಇಲ್ಲ.

"ಅತ್ತೆ, ಇಲ್ಲಿ ಕೊನೇ ನಂಬರ್ ಒಂದು ಬದಲಾಯಿಸಿದ್ರೆ ಯಾರು ಬೇಕಾದ್ರೂ ಯಾರ ರಿಪೋರ್ಟ್ ಬೇಕಾದ್ರೂ ನೋಡಬಹುದು" ಅಂದೆ.

"ನನ್ನ ಶುಗರ್ ಎಷ್ಟು ಅಂತ ಇಡೀ ಬೀದಿಗೆ ಗೊತ್ತು ಬಿಡು, ನಿಮ್ಮ ಮಾವನೇ ಸಾರಿಬಿಟ್ಟಿದ್ದಾರೆ" ಅಂತ ನಕ್ಕರು. ಆಮೇಲೆ ಒಂದು ಗಳಿಗೆ ಸುಮ್ಮನಿದ್ದು ಕೇಳಿದರು: "ಅಲ್ಲ ಕಣೋ, ಒಂಬತ್ತು ಯಾರದ್ದು? ಮದುವೆ ಗೊತ್ತಾಗಿರೋ ಹುಡುಗೀದೋ ಏನೋ, ಪಾಪ."

ಈ ಒಂದು ಪ್ರಶ್ನೆಯಲ್ಲಿ ಇಡೀ ವಿಷಯ ಇದೆ. ಒಂಬತ್ತು ಯಾರದ್ದು ಅಂತ ನಾನು ನೋಡಲಿಲ್ಲ, ಲ್ಯಾಬಿಗೆ ಬರೆದೆ. ಕೆಲವು ವಾರದ ಮೇಲೆ ಅವರ ಲಿಂಕಿನ ಕೊನೆಗೆ ಉದ್ದನೆಯ ಯುಯುಐಡಿ ಬಂತು.

ಈ ತಪ್ಪು ಸಣ್ಣಪುಟ್ಟ ಲ್ಯಾಬಿನದ್ದು ಮಾತ್ರ ಅಂದುಕೊಳ್ಳಬೇಡಿ. 2011ರಲ್ಲಿ ಸಿಟಿಗ್ರೂಪ್‌ನ ಕ್ರೆಡಿಟ್ ಕಾರ್ಡ್ ತಾಣಕ್ಕೆ ನುಗ್ಗಿದವರು ಮೂರೂವರೆ ಲಕ್ಷಕ್ಕೂ ಹೆಚ್ಚು ಖಾತೆಗಳ ವಿವರ ನೋಡಿದರು. ಒಮ್ಮೆ ಒಳಗೆ ಹೋದ ಮೇಲೆ ವಿಳಾಸಪಟ್ಟಿಯಲ್ಲಿದ್ದ ಖಾತೆ ಸಂಖ್ಯೆಯನ್ನು ಬದಲಾಯಿಸುತ್ತಾ ಹೋಗಿದ್ದರು ಅಂತ ಆಗ ವರದಿಯಾಯಿತು. 2019ರ ಮೇ ತಿಂಗಳಲ್ಲಿ ಪತ್ರಕರ್ತ ಬ್ರಯನ್ ಕ್ರೆಬ್ಸ್ ಇನ್ನೊಂದನ್ನು ಬರೆದರು. ಫಸ್ಟ್ ಅಮೆರಿಕನ್ ಅನ್ನುವ ಆಸ್ತಿ ವಿಮೆ ಕಂಪನಿಯ ತಾಣದಲ್ಲಿ ಸುಮಾರು 88 ಕೋಟಿ 50 ಲಕ್ಷ ದಾಖಲೆಗಳು ಹೀಗೇ ತೆರೆದು ಬಿದ್ದಿದ್ದವು. ಸಾಲದ ಪತ್ರ, ಬ್ಯಾಂಕ್ ವಿವರ, ಎಲ್ಲ. ಲಿಂಕಿನ ಸಂಖ್ಯೆಗೆ ಒಂದು ಕೂಡಿಸಿದರೆ ಮುಂದಿನವರ ಮನೆಪತ್ರ.

ಇದಕ್ಕಿಂತ ಹಳೆಯ ಉದಾಹರಣೆ ಎರಡನೇ ಮಹಾಯುದ್ಧದ್ದು. ಜರ್ಮನಿ ತಿಂಗಳಿಗೆ ಎಷ್ಟು ಟ್ಯಾಂಕ್ ಮಾಡುತ್ತಿದೆ? 1940ರಿಂದ 42ರ ನಡುವಿನ ಅವಧಿಗೆ ಗೂಢಚಾರರ ಅಂದಾಜು 1,400. ಸಂಖ್ಯಾಶಾಸ್ತ್ರಜ್ಞರು ಸೆರೆಸಿಕ್ಕ ಟ್ಯಾಂಕುಗಳ ಬಿಡಿಭಾಗಗಳ ಮೇಲಿದ್ದ ಸರಣಿ ಸಂಖ್ಯೆಗಳನ್ನು ನೋಡಿ ಹೇಳಿದ್ದು 246. ಯುದ್ಧ ಮುಗಿದ ಮೇಲೆ ಜರ್ಮನಿಯ ಕಡತ ತೆಗೆದು ನೋಡಿದರೆ 245. ಒಂದು, ಎರಡು, ಮೂರು ಅಂತ ಅಚ್ಚುಕಟ್ಟಾಗಿ ಬರೆದಿಟ್ಟವರೇ ಶತ್ರುವಿಗೆ ಲೆಕ್ಕ ಒಪ್ಪಿಸಿದ್ದರು. ಇವತ್ತೂ ಒಂದು ಸ್ಟಾರ್ಟಪ್‌ನಿಂದ ಸೋಮವಾರ ಒಂದು ಆರ್ಡರ್, ಮಂಗಳವಾರ ಒಂದು ಆರ್ಡರ್ ಮಾಡಿ ಬಿಲ್ ನಂಬರ್ ಕಳೆದರೆ ಅವರ ಒಂದು ದಿನದ ವ್ಯಾಪಾರ ಗೊತ್ತಾಗುತ್ತದೆ. ಪಿಚ್ ಡೆಕ್‌ನಲ್ಲಿ ಏನೇ ಬರೆದಿರಲಿ.

ಆದರೆ ಉದ್ದ ಸಂಖ್ಯೆಯೇ ಬೀಗ ಅಂತ ನೆಮ್ಮದಿಯಾಗಿ ಮಲಗುವಂತಿಲ್ಲ. ಅತ್ತೆ ತಮ್ಮ ಹೊಸ ರಿಪೋರ್ಟಿನ ಲಿಂಕನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿದರು. ಈಗ ನಲವತ್ತು ಜನರ ಹತ್ತಿರ ಅದಿದೆ, ಯಾರು ಒತ್ತಿದರೂ ತೆರೆಯುತ್ತದೆ. ಯುಯುಐಡಿಯನ್ನು ಊಹಿಸಲಾಗದು ಅಂತ ನಂಬಿ ಅದನ್ನೇ ಒಳಗೆ ಬಿಡುವ ಪಾಸ್ ಮಾಡಿಕೊಳ್ಳಬೇಡಿ ಅಂತ 2005ರ ಆ ಮಾನದಂಡವೇ ಎಚ್ಚರಿಸಿತ್ತು. ಗುರುತಿನ ಸಂಖ್ಯೆ ಮನೆಯ ವಿಳಾಸ ಇದ್ದ ಹಾಗೆ. ವಿಳಾಸ ಗೊತ್ತಿದ್ದವರೆಲ್ಲ ಒಳಗೆ ಬರಬಹುದು ಅಂತಲ್ಲವಲ್ಲ. ಬಾಗಿಲು ತಟ್ಟಿದವರು ಯಾರು, ಇದನ್ನು ನೋಡುವ ಹಕ್ಕು ಇವರಿಗಿದೆಯೇ ಅಂತ ಪ್ರತಿ ಸಲವೂ ಸರ್ವರ್ ಕೇಳಲೇಬೇಕು. ಅದಕ್ಕೆ ಅಡ್ಡದಾರಿ ಇಲ್ಲ.

ಕಾಲ ಮತ್ತೆ ಬಂತು

ರ‍್ಯಾಂಡಮ್ ಸಂಖ್ಯೆಗೂ ಒಂದು ದೋಷವಿದೆ, ಅದು ಡೇಟಾಬೇಸ್‌ನವರಿಗೆ ಗೊತ್ತು. ಡೇಟಾಬೇಸ್ ತನ್ನ ಸೂಚಿಯನ್ನು ಕ್ರಮವಾಗಿ ಜೋಡಿಸಿಟ್ಟಿರುತ್ತದೆ. ಏರುವ ಸಂಖ್ಯೆಯಾದರೆ ಹೊಸದೆಲ್ಲ ಪುಸ್ತಕದ ಕೊನೆಯ ಪುಟಕ್ಕೆ ಹೋಗುತ್ತದೆ. ರ‍್ಯಾಂಡಮ್ ಆದರೆ ಒಂದು ಸಾಲು 12ನೇ ಪುಟಕ್ಕೆ, ಮುಂದಿನದು 940ಕ್ಕೆ. ಪ್ರತಿ ಸಲವೂ ಬೇರೆ ಪುಟ ತೆರೆ, ಜಾಗವಿಲ್ಲದಿದ್ದರೆ ಪುಟ ಹರಿದು ಎರಡು ಮಾಡು. ಪುಸ್ತಕ ದಪ್ಪವಾದಂತೆ ಗುಮಾಸ್ತರು ಏದುಸಿರು ಬಿಡುತ್ತಾರೆ.

ಟ್ವಿಟರ್‌ಗೆ ಇನ್ನೊಂದು ತಾಪತ್ರಯ. 2009ರ ಜೂನ್‌ನಲ್ಲಿ ಟ್ವೀಟುಗಳ ಸಂಖ್ಯೆ 2,147,483,647 ದಾಟಿತು. ಅದು 31 ಬಿಟ್‌ಗಳಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ. ದಾಟುತ್ತಿದ್ದಂತೆ ಹೊರಗಿನವರು ಬರೆದ ಹಲವು ಆ್ಯಪ್‌ಗಳು ಕೈಕೊಟ್ಟವು. ಮರುವರ್ಷ ಅವರು ಸ್ನೋಫ್ಲೇಕ್ ಅನ್ನುವ ಹೊಸ ಪದ್ಧತಿ ತಂದರು. 41 ಬಿಟ್ ಮಿಲಿಸೆಕೆಂಡಿಗೆ, 10 ಬಿಟ್ ಯಂತ್ರಕ್ಕೆ, 12 ಬಿಟ್ ಒಂದೇ ಮಿಲಿಸೆಕೆಂಡಿನೊಳಗಿನ ಕ್ರಮಸಂಖ್ಯೆಗೆ. ಒಂದು ಯಂತ್ರ ಒಂದು ಮಿಲಿಸೆಕೆಂಡಿನಲ್ಲಿ 4,096 ಗುರುತು ಕೊಡಬಹುದು, ಅದೂ ಯಾರನ್ನೂ ಕೇಳದೆ. ಮೂವತ್ತು ವರ್ಷದ ಹಿಂದಿನ ಅಪೊಲೊ ನೆನಪಾಗಲಿಲ್ಲವೇ? ಎಲ್ಲಿ, ಯಾವಾಗ, ಮತ್ತು 64 ಬಿಟ್.

ಆದರೆ ಹೊಸ ಸಂಖ್ಯೆ ಬ್ರೌಸರಿನೊಳಗೆ ಎಡವಿತು. ಜಾವಾಸ್ಕ್ರಿಪ್ಟ್ 53 ಬಿಟ್ ದಾಟಿದ ಪೂರ್ಣಾಂಕಗಳನ್ನು ಸರಿಯಾಗಿ ಹಿಡಿಯಲಾರದು, ಕೊನೆಯ ಅಂಕಿಗಳು ತೇಲಿಹೋಗುತ್ತವೆ. ಹಾಗಾಗಿ ಟ್ವಿಟರ್ ಅದೇ ಸಂಖ್ಯೆಯನ್ನು ಅಕ್ಷರಗಳ ರೂಪದಲ್ಲೂ ಇನ್ನೊಮ್ಮೆ ಕಳಿಸಬೇಕಾಯಿತು.

2024ರ ಮೇ ತಿಂಗಳಲ್ಲಿ ಆರ್‌ಎಫ್‌ಸಿ 9562 ಬಂತು, ಹಳೆಯ ಮಾನದಂಡವನ್ನು ಪಕ್ಕಕ್ಕಿಟ್ಟಿತು. ಬರೆದವರಲ್ಲಿ ಪಾಲ್ ಲೀಚ್ ಹೆಸರು ಇನ್ನೂ ಇದೆ. ಅದರಲ್ಲಿ ಹೊಸದಾಗಿ ಬಂದ ಏಳನೇ ಬಗೆಯ ಯುಯುಐಡಿಯಲ್ಲಿ ಮೊದಲ 48 ಬಿಟ್ ಕಾಲಕ್ಕೆ, ಮಿಕ್ಕದ್ದು ಬಹುಪಾಲು ನಾಣ್ಯಕ್ಕೆ. ಎಣಿಕೆ ಶುರುವಾಗುವುದು 1970ರಿಂದ. ಪುಸ್ತಕದ ಕೊನೆಯ ಪುಟಕ್ಕೇ ಹೋಗುತ್ತದೆ, ಊಹಿಸಲೂ ಕಷ್ಟ, ಯಾವ ಯಂತ್ರ ಅಂತ ಚಾಡಿಯೂ ಹೇಳುವುದಿಲ್ಲ. ಆದರೆ ಹುಟ್ಟಿದ ಗಳಿಗೆ ಮಾತ್ರ ಹೇಳುತ್ತದೆ. ಬಿಲ್ಲಿಗೆ ಅದರಿಂದ ತೊಂದರೆಯಿಲ್ಲ. ಯಾವಾಗ ಬರೆದದ್ದು ಅನ್ನುವುದೇ ಗುಟ್ಟಾಗಿರಬೇಕಾದ ದೂರಿಗೆ ಇದು ಬೇಡ.

ಮನುಷ್ಯರಿಗೆ ಸಂಖ್ಯೆ

ಸಾಲುಗಳಿಗೆ ಸಂಖ್ಯೆ ಕೊಟ್ಟ ಹಾಗೆ ಸರ್ಕಾರಗಳು ಮನುಷ್ಯರಿಗೂ ಕೊಟ್ಟವು. ಅಮೆರಿಕ 1936ರಲ್ಲಿ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಶುರು ಮಾಡಿದಾಗ ಮೊದಲ ಮೂರು ಅಂಕಿ ಪ್ರದೇಶವನ್ನು ಹೇಳುತ್ತಿದ್ದವು. 1938ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಪರ್ಸ್ ಕಂಪನಿ, ಕಾರ್ಡ್ ಹೇಗೆ ಕೂರುತ್ತದೆ ಅಂತ ತೋರಿಸಲು ತಮ್ಮ ಕಚೇರಿಯ ಕಾರ್ಯದರ್ಶಿಯ ನಿಜವಾದ ಸಂಖ್ಯೆ ಅಚ್ಚಾದ ಮಾದರಿ ಕಾರ್ಡನ್ನು ಪ್ರತಿ ಪರ್ಸಿನಲ್ಲೂ ಇಟ್ಟಿತು. ಕೊಂಡವರು ಅದು ತಮ್ಮದೇ ಸಂಖ್ಯೆ ಅಂದುಕೊಂಡರು! 1943ರಲ್ಲಿ 5,755 ಜನ ಆ ಒಂದೇ ಸಂಖ್ಯೆಯನ್ನು ಬಳಸುತ್ತಿದ್ದರು. ಎಷ್ಟೇ ಜಾಣತನದ ಪದ್ಧತಿಯಾದರೂ ಬಳಸುವವರು ಮನುಷ್ಯರು. 2009ರಲ್ಲಿ ಕಾರ್ನೆಗಿ ಮೆಲನ್‌ನ ಇಬ್ಬರು ಸಂಶೋಧಕರು ಹುಟ್ಟಿದ ರಾಜ್ಯ, ದಿನಾಂಕ ಗೊತ್ತಿದ್ದರೆ ಈ ಸಂಖ್ಯೆಯ ಬಹುಭಾಗವನ್ನು ಊಹಿಸಬಹುದು ಅಂತ ತೋರಿಸಿದರು. 2011ರ ಜೂನ್‌ನಿಂದ ಅಲ್ಲೂ ಹೊಸ ಸಂಖ್ಯೆಗಳು ರ‍್ಯಾಂಡಮ್.

ನಮ್ಮ ಆಧಾರ್ ಮೊದಲಿನಿಂದಲೇ ಆ ದಾರಿ ಹಿಡಿಯಿತು. ಅದರ ತಾಂತ್ರಿಕ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ. 12 ಅಂಕಿಯಲ್ಲಿ ರಾಜ್ಯವಿಲ್ಲ, ಜಾತಿಯಿಲ್ಲ, ವಯಸ್ಸಿಲ್ಲ. ಕೊನೆಯ ಅಂಕಿ ತಪ್ಪು ಹಿಡಿಯುವುದಕ್ಕೆ. ಡಚ್ ಗಣಿತಜ್ಞ ವರ್ಹೋಫ್ 1969ರಲ್ಲಿ ಕೊಟ್ಟ ಸೂತ್ರದಿಂದ ಅದು ಬರುತ್ತದೆ. ಒಂದು ಅಂಕಿ ತಪ್ಪಾಗಿ ಒತ್ತಿದರೂ, ಪಕ್ಕಪಕ್ಕದ ಎರಡು ಅದಲುಬದಲಾದರೂ ಗೊತ್ತಾಗುತ್ತದೆ. ಸಂಖ್ಯೆಯ ಮಟ್ಟಿಗೆ ಹೇಳಿದರೆ ಒಳ್ಳೆಯ ವಿನ್ಯಾಸ.

ಆದರೂ ಅದೇ ಬೆಂಗಳೂರಿನಲ್ಲಿದ್ದ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಿಂದಲೇ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಅನ್ನುವ ತೀರ್ಪು ಬಂತು. ಸಂಖ್ಯೆ ತಾನಾಗಿ ಏನನ್ನೂ ಹೇಳದಿದ್ದರೂ, ಬ್ಯಾಂಕು, ಸಿಮ್, ಪಡಿತರ ಎಲ್ಲದರ ಮೇಲೂ ಅದೇ ಸಂಖ್ಯೆ ಬರೆದರೆ ಎಲ್ಲವನ್ನೂ ಪೋಣಿಸುವ ದಾರವಾಗುತ್ತದೆ ಅನ್ನುವ ಆತಂಕ ಆ ಚರ್ಚೆಯ ಉದ್ದಕ್ಕೂ ಇತ್ತು. 2018ರಲ್ಲಿ ಆಧಾರ್‌ಗೆ ಬದಲಾಗಿ ಕೊಡಬಹುದಾದ, ಬೇಕಾದಾಗ ಬದಲಾಯಿಸಬಹುದಾದ 16 ಅಂಕಿಯ ವರ್ಚುವಲ್ ಐಡಿ ಬಂತು. ನಮ್ಮ ಸರ್ವರ್‌ಗಳಲ್ಲಿ ಒಳಗಡೆಗೊಂದು, ಹೊರಗೆ ತೋರಿಸುವುದಕ್ಕೊಂದು ಅಂತ ಎರಡು ಐಡಿ ಇಡುವ ರೂಢಿಯಿದೆಯಲ್ಲ, ಅದೇ ವಿವೇಕ.

ಮುಂದಿನ ಸಲ ಹೊಸ ಟೇಬಲ್ ಮಾಡುವಾಗ ಐಡಿ ಕಾಲಮ್ಮಿನ ಮುಂದೆ ಒಂದು ನಿಮಿಷ ನಿಲ್ಲಿ. ಇದನ್ನು ಎಷ್ಟು ಜನ ಕೊಡುತ್ತಾರೆ, ಒಬ್ಬರೋ ನೂರು ಜನರೋ? ನೋಡಿದವರಿಗೆ ಇದು ಏನೇನು ಹೇಳುತ್ತದೆ? ಪಕ್ಕದ ಸಂಖ್ಯೆಯನ್ನು ಯಾರಾದರೂ ಊಹಿಸಬಹುದೇ, ಊಹಿಸಿದರೆ ಬಾಗಿಲಲ್ಲಿ ತಡೆಯುವವರು ಯಾರು? ಉತ್ತರ ಪ್ರತಿ ಸಲ ಯುಯುಐಡಿಯೇ ಆಗಬೇಕಿಲ್ಲ. ಕಚೇರಿಯ ಒಳಗಿನ ಕ್ಯಾಂಟೀನ್ ಟೋಕನ್‌ಗೆ ಒಂದು, ಎರಡು, ಮೂರು ಧಾರಾಳ ಸಾಕು. ಆದರೆ ಆ ಸಾಲಿನ ಹಿಂದೆ ಒಬ್ಬ ಮನುಷ್ಯ ಇದ್ದರೆ, ಒಂಬತ್ತು ಯಾರದ್ದು ಅಂತ ಒಮ್ಮೆ ಕೇಳಿಕೊಳ್ಳಿ.